ಸಂಘ ಕಟ್ಟುತ್ತೀರಾ? ಬೈಲಾ ಎರವಲು ತರಬೇಡಿ

ಸಂಘ ನೋಂದಾಯಿಸಬೇಕು ಎಂದಾಗ ಬಹಳ ಮಂದಿ ಮಾಡುವ ಮೊದಲ ಕೆಲಸವೆಂದರೆ ಪರಿಚಯದವರ ಸಂಘದ ಬೈಲಾ, ಅಂದರೆ ನಿಯಮಾವಳಿ, ತಂದು, ಹೆಸರಷ್ಟೇ ಬದಲಿಸಿ ಟೈಪ್ ಮಾಡಿಸುವುದು. ನೋಂದಣಿ ಆಗಿಯೂ ಬಿಡುತ್ತದೆ. ತೊಂದರೆ ತಲೆಯೆತ್ತುವುದು ಆಮೇಲೆ, ತೆರಿಗೆ ವಿನಾಯಿತಿಯ ಅರ್ಜಿ ತಿರಸ್ಕಾರವಾದಾಗ, ಇಲ್ಲವೇ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮನಸ್ತಾಪವಾಗಿ ಬ್ಯಾಂಕ್ ಖಾತೆ ನಿಂತುಹೋದಾಗ. ಆಗ ಕಡತ ತೆಗೆದರೆ ಒಳಪುಟದಲ್ಲೆಲ್ಲೋ ಆ ಹಳೆಯ ಸಂಘದ ಹೆಸರು ಹಾಗೇ ಉಳಿದಿರುತ್ತದೆ.

ಮೊದಲು ಯಾವ ರೂಪ ಬೇಕೆಂದು ತೀರ್ಮಾನಿಸಿ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸುವುದು ಒಂದು ದಾರಿ. ಕಂಪನಿ ಕಾಯ್ದೆಯ ಕಲಂ 8ರ ಕಂಪನಿ, ಅಂದರೆ ಲಾಭ ಹಂಚದ ಸೇವಾ ಕಂಪನಿ, ಇನ್ನೊಂದು; ಅದರ ವರ್ಷದ ಕಾಗದಪತ್ರದ ಖರ್ಚು ಸಣ್ಣ ಕೆಲಸಕ್ಕೆ ಭಾರ. ಓಣಿಯ ಜನ ಸೇರಿ ಮಾಡುವ ಕೆಲಸಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವೇ ಸರಿ. ಅದರಲ್ಲಿ ಚುನಾವಣೆ ಇದೆ, ಸದಸ್ಯರಿಗೆ ಲೆಕ್ಕ ಕೇಳುವ ಹಕ್ಕಿದೆ. ಆದರೆ ಬ್ಯಾಡಗಿಯ ಬೆಳೆಗಾರರು ಕೂಡಿ ಮೆಣಸಿನಕಾಯಿ ಮಾರಿ ಲಾಭ ಹಂಚಿಕೊಳ್ಳುವ ಉದ್ದೇಶವಿದ್ದರೆ ಈ ಕಾಯ್ದೆಯ ಕಡೆ ಬರಲೇಬೇಡಿ. ಅದಕ್ಕೆ ಸಹಕಾರ ಸಂಘ ಅಥವಾ ರೈತ ಉತ್ಪಾದಕ ಕಂಪನಿ ಇದೆ.

ಕನಿಷ್ಠ ಏಳು ಜನ ಬೇಕು, ಎಲ್ಲರಿಗೂ 18 ವರ್ಷ ತುಂಬಿರಬೇಕು. ಗಂಡ, ಹೆಂಡತಿ, ಮಗ, ಸೊಸೆ ಎಂದು ಒಂದೇ ಮನೆಯಿಂದ ಸಂಖ್ಯೆ ತುಂಬಿಸಬೇಡಿ. ಸಂಘಕ್ಕೆ ಮೂರು ಹೆಸರು ಯೋಚಿಸಿಟ್ಟುಕೊಳ್ಳಿ. ಈಗಾಗಲೇ ಇರುವ ಸಂಘದ ಹೆಸರನ್ನು ಹೋಲುವುದು, ಸರ್ಕಾರದ್ದೆಂದು ಭ್ರಮೆ ಹುಟ್ಟಿಸುವುದು ನಡೆಯದು. ಕಚೇರಿಯ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ, ಕರ ತುಂಬಿದ ರಸೀದಿ ಅಥವಾ ಹೆಸ್ಕಾಂ ಲೈಟ್ ಬಿಲ್ ಇಟ್ಟುಕೊಳ್ಳಿ. ಬಾಡಿಗೆ ಮನೆ ಬಿಟ್ಟರೆ ವಿಳಾಸ ಬದಲಿಸುವ ಓಡಾಟ ತಪ್ಪದು, ಆದ್ದರಿಂದ ಸ್ವಂತ ಮನೆಯಿರುವ ಸದಸ್ಯರ ವಿಳಾಸವೇ ಒಳ್ಳೆಯದು.

ಇನ್ನು ಬೈಲಾ. ಇದಕ್ಕೆ ಕನಿಷ್ಠ ಮೂರು ಸಲ ಕೂಡಿ ಕುಳಿತು, ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ತಕರಾರು ಎತ್ತಬೇಕು.

ಉದ್ದೇಶಗಳಿಂದ ಶುರು ಮಾಡಿ. ಮಕ್ಕಳಿಗೆ ಸಂಜೆ ಪಾಠ ಹೇಳುವ ಸಂಘದ ಎರವಲು ಬೈಲಾದಲ್ಲಿ ಕ್ರೀಡೆ, ಗೋಶಾಲೆ, ನಿವೇಶನ ಹಂಚಿಕೆ, ‘ಸದಸ್ಯರಿಗೆ ಕಡಿಮೆ ಬಡ್ಡಿಯಲ್ಲಿ ಸಾಲ’ ಎಲ್ಲವೂ ಇರುತ್ತವೆ. ಸಾಲ, ನಿವೇಶನ ಎರಡೂ ಸದಸ್ಯರ ಸ್ವಂತ ಲಾಭದ ಮಾತು; ಧರ್ಮಾರ್ಥ ಕೆಲಸವೆಂದು ತೆರಿಗೆ ಅಧಿಕಾರಿ ಒಪ್ಪುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಧಾರವಾಡ ಜಿಲ್ಲೆಯ ಬಡ ಕುಟುಂಬಗಳ ಮಕ್ಕಳಿಗೆ ಜಾತಿ, ಧರ್ಮ, ಲಿಂಗಭೇದವಿಲ್ಲದೆ ಉಚಿತವಾಗಿ ಸಂಜೆ ಪಾಠ ನಡೆಸುವುದು, ಅದಕ್ಕೆ ಬೇಕಾದ ಪುಸ್ತಕ ಹಾಗೂ ಪಾಠೋಪಕರಣ ಒದಗಿಸುವುದು.’ ಕಾರ್ಯಕ್ಷೇತ್ರ ಒಂದು ವಾರ್ಡಿಗೆ ಸೀಮಿತವಾಗದಿರಲಿ. ಒಂದು ಜಾತಿಯ ಅಥವಾ ಒಂದು ಧರ್ಮದ ಜನರಿಗಷ್ಟೇ ಎಂದು ಬರೆದರೆ ವಿನಾಯಿತಿ ಕೈತಪ್ಪುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಎಂದು ಬರೆಯಲು ಅಡ್ಡಿಯಿಲ್ಲ, ಅವರನ್ನು ಆದಾಯ ತೆರಿಗೆ ಕಾಯ್ದೆಯೇ ಈ ನಿರ್ಬಂಧದಿಂದ ಹೊರಗಿಟ್ಟಿದೆ.

ಎರಡನೆಯದು ವಿಸರ್ಜನೆಯ ನಿಯಮ. ಶುಭಕಾರ್ಯದ ಹೊತ್ತಿಗೆ ಮುಚ್ಚುವ ಮಾತೇಕೆ ಎಂದು ಇದನ್ನು ಬಿಟ್ಟವರ ತೆರಿಗೆ ಅರ್ಜಿ ಇಲ್ಲೇ ಮುಗ್ಗರಿಸುತ್ತದೆ. ಈ ವಾಕ್ಯವನ್ನು ಹಾಗೆಯೇ ಸೇರಿಸಿ: ‘ಸಂಘ ವಿಸರ್ಜನೆಯಾದಲ್ಲಿ ಸಾಲ ಮತ್ತು ಬಾಧ್ಯತೆಗಳನ್ನು ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರಿಗೆ ಹಂಚದೆ, ಇಂಥದೇ ಉದ್ದೇಶವುಳ್ಳ, ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತವಾದ ಮತ್ತೊಂದು ಸಂಸ್ಥೆಗೆ ವರ್ಗಾಯಿಸತಕ್ಕದ್ದು.’

ಮೂರನೆಯದು ಕೋರಂ, ಅಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ. 60 ಸದಸ್ಯರಿರುವ ಸಂಘ ಮೂರನೇ ಎರಡು ಭಾಗ ಕೋರಂ ಎಂದು ಬರೆದುಕೊಂಡರೆ 40 ಜನ ಸೇರಬೇಕು. ಸುಗ್ಗಿಯ ದಿನಗಳಲ್ಲಿ ಆ ಸಭೆ ಎಂದೂ ಆಗದು. ಮೂರನೇ ಒಂದು ಭಾಗ ಸಾಕು. ಕೋರಂ ಆಗದಿದ್ದರೆ ಸಭೆ ಯಾವಾಗ ಮತ್ತೆ ಸೇರುತ್ತದೆ ಎಂಬುದನ್ನೂ ಬರೆಯಿರಿ. ನೋಟಿಸಿನ ದಿನ, ಕಾರ್ಯಕಾರಿ ಮಂಡಳಿಯ ಅವಧಿ, ಖಾಲಿ ಸ್ಥಾನ ತುಂಬುವ ವಿಧಾನ ಇರಲೇಬೇಕು. ಮಂಡಳಿ ಏಳು ಅಥವಾ ಒಂಬತ್ತು ಜನರದಿರಲಿ, ಸಮಸಂಖ್ಯೆ ಬೇಡ. ಚೆಕ್ಕಿಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಎಂದಿರಲಿ. ‘ಅಧ್ಯಕ್ಷ ಮತ್ತು ಕಾರ್ಯದರ್ಶಿ’ ಎಂದು ಕಟ್ಟಿಹಾಕಿದರೆ ಒಬ್ಬರು ಮುನಿಸಿಕೊಂಡ ದಿನವೇ ಶಿಕ್ಷಕಿಯ ಪಗಾರ ನಿಲ್ಲುತ್ತದೆ.

‘ಮೂರು ದಿನದಲ್ಲಿ ನೋಂದಣಿ, ಬೈಲಾ ಸಮೇತ’ ಎನ್ನುವ ಪ್ಯಾಕೇಜುಗಳಿಗೆ ದುಡ್ಡು ಸುರಿಯಬೇಡಿ. ಅದೇ ದುಡ್ಡನ್ನು ಒಬ್ಬ ಲೆಕ್ಕ ಪರಿಶೋಧಕರಿಗೆ ಕೊಟ್ಟು, ನೀವು ಬರೆದ ಕರಡನ್ನು ಒಮ್ಮೆ ಓದಿಸಿ.

ಉಳಿದದ್ದು ಸಲೀಸು. ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ, ಶುಲ್ಕ. ಪ್ರಮಾಣಪತ್ರ ಬಂದ ಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್. ನಂತರ ಸಭೆಯಲ್ಲಿ ಠರಾವು (ನಿರ್ಣಯ) ಮಾಡಿ ಬ್ಯಾಂಕ್ ಖಾತೆ. ನಿಂತುಹೋದ ಹಳೆಯ ಸಂಘಕ್ಕೆ ಜೀವ ತುಂಬುವವರು ನೆನಪಿಡಬೇಕಾದ್ದು: ಗದಗ, ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ, ಅದಕ್ಕೂ ಹಿಂದೆ ಇವೆರಡೂ ಧಾರವಾಡ ಜಿಲ್ಲೆಯ ಭಾಗ; ಆಗಿನ ಸಂಘದ ಕಡತ ಧಾರವಾಡದ ಕಚೇರಿಯಲ್ಲೇ ಇರಬಹುದು.

ನೋಂದಣಿಯಾದ ದಿನದಿಂದಲೇ ಠರಾವು ಪುಸ್ತಕ, ಸದಸ್ಯರ ರಿಜಿಸ್ಟರ್, ರೋಜಕೀರ್ದಿ (ದಿನದ ಜಮಾ-ಖರ್ಚಿನ ಪುಸ್ತಕ), ಕ್ರಮಸಂಖ್ಯೆಯ ರಸೀದಿ ಪುಸ್ತಕ ಇಡಿ. ಠರಾವು ಪುಸ್ತಕದ ಪುಟಗಳಿಗೆ ಮೊದಲೇ ನಂಬರ್ ಹಾಕಿ. ಬಿಡಿ ಹಾಳೆ ಅಂಟಿಸಬೇಡಿ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಮಾಡಿ, ಅದಾದ 14 ದಿನದೊಳಗೆ ಕಾರ್ಯಕಾರಿ ಮಂಡಳಿಯ ಪಟ್ಟಿ ಹಾಗೂ ಆಡಿಟ್ ಆದ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದು ಸಂಘಗಳ ನೋಂದಣಿ ಕಾಯ್ದೆಯ ಕಲಂ 13. ಹೆಚ್ಚಿನ ಸಂಘಗಳು ಕೆಡುವುದು ಇಲ್ಲೇ. ಅನುದಾನ ಬೇಕಾದಾಗ ಐದು ವರ್ಷದ ಲೆಕ್ಕವನ್ನು ಒಂದೇ ವಾರದಲ್ಲಿ, ಒಂದೇ ಪೆನ್ನಿನಲ್ಲಿ ಬರೆಸಲು ಹೊರಡುತ್ತಾರೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ವರ್ಷವಾರು ಜೋಡಿಸಿಡಿ.

ಜನ 12ಎ (ಸಂಘದ ಆದಾಯಕ್ಕೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಎಂದು ಕರೆಯುವ ತೆರಿಗೆ ನೋಂದಣಿಗಳಿಗೆ ತಡಮಾಡಬೇಡಿ. ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಅದರ ಅವಧಿ ಮುಗಿಯಲು ಆರು ತಿಂಗಳಿರುವಾಗ, ಅಥವಾ ಕೆಲಸ ಆರಂಭಿಸಿದ ಆರು ತಿಂಗಳೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ನಿಯಮಿತ ನೋಂದಣಿಗೆ ಮತ್ತೆ ಅರ್ಜಿ ಹಾಕಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಕಾರಣ ಹಳೆಯ ಕಲಂ ಮತ್ತು ಫಾರ್ಮ್ ಸಂಖ್ಯೆಗಳನ್ನು ಕಣ್ಣುಮುಚ್ಚಿ ಬಳಸಬೇಡಿ. ವರ್ಷದ ಆದಾಯದಲ್ಲಿ ಶೇಕಡಾ 85 ಭಾಗ ಉದ್ದೇಶಕ್ಕೇ ಖರ್ಚಾಗಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ದಾನಿಗೆ 80ಜಿ ಲಾಭವಿಲ್ಲ, ಆದ್ದರಿಂದ ಚೆಕ್ ಅಥವಾ ಯುಪಿಐ ಮೂಲಕವೇ ಕೇಳಿ, ಪ್ಯಾನ್ ಬರೆದುಕೊಳ್ಳಿ.

ಅಮೆರಿಕದಲ್ಲಿರುವ ನಮ್ಮೂರ ಹುಡುಗ ದೇಣಿಗೆ ಕಳಿಸುತ್ತೇನೆ ಎಂದರೆ ಮೊದಲು ಅವನ ಪೌರತ್ವ ಕೇಳಿ. ಭಾರತದ ಪಾಸ್‌ಪೋರ್ಟೇ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಖಾತೆ ನಂಬರ್ ಕೊಡುವ ಮುನ್ನವೇ ಪಾಸ್‌ಪೋರ್ಟಿನ ಪ್ರತಿ ತರಿಸಿಕೊಂಡು ಕಡತದಲ್ಲಿಡಿ.