ಚೆಂಡು ಬಿಡಿ, ಬಾಗಿ ನಿಂತ ಆ ಐವರನ್ನು ನೋಡಿ

ಅಕ್ಕನ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. 'ಇಲ್ಲಿನ ಕಾಲೇಜು ಫುಟ್‌ಬಾಲ್ ಒಮ್ಮೆ ನೋಡು ಮಾವ' ಎಂದು ದುಂಬಾಲು ಬಿದ್ದ. ಅದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಶುರುವಿನಲ್ಲಿ ಚೆಂಡಿನ ಹಿಂದೆಯೇ ಕಣ್ಣೋಡಿಸಿದೆ. ತಲೆಬುಡ ತಿಳಿಯಲಿಲ್ಲ. ಒಂದು ರಾತ್ರಿ ಚೆಂಡು ಬಿಟ್ಟು, ಮುಂದೆ ಬಾಗಿ ನಿಂತ ಐದು ಜನ ದಢೂತಿ ಆಳುಗಳನ್ನು ನೋಡಿದೆ. ಮೈಸೂರಿನ ಗರಡಿ ಮಟ್ಟಿಯಲ್ಲಿ ಹೊರಳಿ ಬೆಳೆದವನು ನಾನು. ಆಟ ಆಗ ಅರ್ಥವಾಯಿತು.

ಇವರೇ ಆಫೆನ್ಸಿವ್ ಲೈನ್, ಅಂದರೆ ಚೆಂಡು ಕೈಯಲ್ಲಿರುವ ತಂಡದ ಮುಂಗಾವಲಿನ ಸಾಲು. ನಡುವಿನವನು ಸೆಂಟರ್. ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವವನು ಅವನೇ. ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಎರಡು ತುದಿಗೆ ಇಬ್ಬರು ಟ್ಯಾಕಲ್. ಅಂಗಿಯ ಮೇಲೆ 50ರಿಂದ 79ರೊಳಗಿನ ನಂಬರ್ ಇರುತ್ತದೆ, ಹುಡುಕುವುದು ಸುಲಭ.

ಮೊದಲು ಎಡಗಡೆಯ ಟ್ಯಾಕಲ್ ಒಬ್ಬನನ್ನೇ ಹಿಡಿಯಿರಿ. ಸೆಂಟರ್ ಕೊಟ್ಟ ಚೆಂಡು ಪಡೆದು ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡಬೆನ್ನು ಕಾಣುವುದಿಲ್ಲ. ಆ ಬೆನ್ನು ಕಾಯುವವನು ಇವನು. ಮುಖ ನೋಡಬೇಡಿ, ಕಾಲು ನೋಡಿ. ಹಿಂದಕ್ಕೆ ಜರುಗಿ ಕುಕ್ಕರುಬಡಿದಂತೆ ನಿಂತರೆ ಚೆಂಡು ಎಸೆಯುತ್ತಾರೆ. ಮುಂದಕ್ಕೆ ನುಗ್ಗಿದರೆ ಹೆಚ್ಚಾಗಿ ಚೆಂಡು ಹಿಡಿದು ಓಡುತ್ತಾರೆ. ಆಮೇಲೆ ಸೊಂಟ. ಎದುರಾಳಿಗಿಂತ ಸೊಂಟ ಮೇಲೆದ್ದರೆ ಇವನ ಕಥೆ ಮುಗಿಯಿತು. ನಮ್ಮ ಉಸ್ತಾದರು ಬೆನ್ನಿಗೆ ಬಾರಿಸಿ ಕಲಿಸಿದ್ದೂ ಇದನ್ನೇ. ಕೊನೆಗೆ ಕೈ. ಅಂಗೈ ಎದುರಾಳಿಯ ಎದೆಯ ಮೇಲಿರಬೇಕು. ತೋಳು ಹಿಡಿದೆಳೆದರೆ ರೆಫರಿಯ ಹಳದಿ ಬಟ್ಟೆ ಬೀಳುತ್ತದೆ, ತಂಡ 10 ಗಜ ಹಿಂದೆ ಸರಿಯುವ ದಂಡ. ಚೆಂಡು ಹೊರಡುವ ಮುಂಚೆ ಅಲುಗಾಡಿದರೆ 5 ಗಜ.

ಇಷ್ಟು ಮಾಡಿದರೂ ಇವರ ಹೆಸರಿನ ಮುಂದೆ ಪಾಯಿಂಟ್ ಬೀಳುವುದಿಲ್ಲ. ಹಾಗಾಗಿ ಒಬ್ಬನ ಕಾಲೇಜು ಬದುಕು ತಿಳಿಯಬೇಕಾದರೆ, ಮೊದಲಿಂದಲೇ ಇಳಿದ ಪಂದ್ಯ ಎಷ್ಟು, ಯಾವ ಜಾಗದಲ್ಲಿ ಆಡಿದ ಎಂದು ನೋಡಿ. ಮೊದಲ ವರ್ಷ ಖಾಲಿ ಇದ್ದರೆ ಬೇಸರ ಬೇಡ. ಅದು ರೆಡ್‌ಶರ್ಟ್ ವರ್ಷ ಇರಬಹುದು, ಅಂದರೆ ಆಡಲು ಸಿಗುವ ಸೀಸನ್‌ಗಳ ಲೆಕ್ಕಕ್ಕೆ ಬಾರದಂತೆ ಪಂದ್ಯದಿಂದ ದೂರವಿದ್ದು ಮೈ ಕಟ್ಟುವ ಕಾಲ. ಆ ವರ್ಷ 4 ಪಂದ್ಯದವರೆಗೆ ಆಡಿದರೂ ಒಂದು ಸೀಸನ್ ಕಳೆದಂತಲ್ಲ ಎಂದು 2018ರಲ್ಲಿ ನಿಯಮ ಬಂತು.

ಒಬ್ಬರ ದಾರಿ ಹಿಡಿದು ಕಲಿಯಬೇಕೆಂದರೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡದಲ್ಲಿ ಎಡ ಟ್ಯಾಕಲ್ ಆಗಿದ್ದ ಜೋ ಥಾಮಸ್ ಅವರದ್ದನ್ನು ನೋಡಿ. 2006ರ ಜನವರಿಯಲ್ಲಿ, ತಂಡಕ್ಕೆ ಆಳು ಸಾಲದೆ ಎದುರಾಳಿಯನ್ನು ತಡೆಯುವ ಡಿಫೆನ್ಸ್ ಕಡೆ ಇಳಿದು ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಅದೇ ವರ್ಷ ಮತ್ತೆ ಬಂದು, ಕಾಲೇಜಿನ ಅತ್ಯುತ್ತಮ ಲೈನ್‌ಮನ್‌ಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ ಗೆದ್ದರು. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ, 2007ರಲ್ಲಿ ಮೂರನೆಯವರಾಗಿ ಕ್ಲೀವ್‌ಲ್ಯಾಂಡ್ ತಂಡ ಸೇರಿದರು. ಅಲ್ಲಿ ಒಂದನ್ನೂ ಬಿಡದೆ ಸತತ 10,363 ಸ್ನ್ಯಾಪ್ ಆಡಿದರು. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಒಂದೊಂದು ಸಲವೂ ಒಂದು ಸ್ನ್ಯಾಪ್. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಷ್ಟು ಸಲ ಬಾಗಿ ನಿಲ್ಲುವುದು ಅಂದರೆ ಸುಮ್ನೆ ಅಲ್ಲ.

ಈ ಸಲದ ದಸರಾದಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿಗೆ ಹೋಗಿ, ಪೈಲ್ವಾನರ ಕಾಲು, ಸೊಂಟ ನೋಡಿ ಕಣ್ಣು ಪಳಗಿಸಿಕೊಳ್ಳಿ. ಆ ವಾರದ ಶನಿವಾರವೇ ಈ ಕಾಲೇಜು ಆಟ ಹಾಕಿ. ನ್ಯೂಯಾರ್ಕ್ ಕಡೆ ಮಧ್ಯಾಹ್ನ 12ಕ್ಕೆ ಶುರುವಾಗುವ ಪಂದ್ಯ ಆಗ ನಮಗೆ ರಾತ್ರಿ 9.30ಕ್ಕೆ ಬರುತ್ತದೆ, ಊಟ ಮುಗಿಸಿ ಕೂರಬಹುದು.