ಅಮೆರಿಕದ ಯುನಿವರ್ಸಿಟಿಯಲ್ಲಿ ಪಗಾರ ಏರುವುದು ಹೇಗೆ: ಮೆರಿಟ್ ರೇಜ್ ಲೆಕ್ಕ

ಊರಲ್ಲಿ ಯುಜಿಸಿ ಸ್ಕೇಲಿನ ಪ್ರಾಧ್ಯಾಪಕರ ಪಗಾರ ಏರುವ ಲೆಕ್ಕ ಎಲ್ಲರಿಗೂ ಬಾಯಿಪಾಠ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಅಸಿಸ್ಟಂಟ್ ಪ್ರೊಫೆಸರ್ ಮೂಲ ವೇತನ 57,700 ರೂಪಾಯಿಗೆ ಶುರು. ಮುಂದಿನ ವರ್ಷ 59,400, ಅದರ ಮುಂದಿನ ವರ್ಷ 61,200. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿರಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿರಲಿ, ಬಾಗಲಕೋಟೆಯ ಅನುದಾನಿತ ಕಾಲೇಜಿರಲಿ, ಈ ಶೇ. 3ರ ಇನ್‌ಕ್ರಿಮೆಂಟಿಗೆ ಪಕ್ಕದ ಟೇಬಲ್ಲಿನವರ ಜೊತೆ ಪೈಪೋಟಿ ಇಲ್ಲ. ಫೈಲು ಕಟ್ಟಬೇಕಾದದ್ದು ಸಿಎಎಸ್ (ಕರಿಯರ್ ಅಡ್ವಾನ್ಸ್‌ಮೆಂಟ್ ಸ್ಕೀಮ್) ಬಡ್ತಿಗೆ ಮಾತ್ರ.

ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದಲ್ಲಿ ಕೆಲಸಕ್ಕೆ ಸೇರಿದವರು ಮೊದಲ ಎರಡು ಮೂರು ವರ್ಷ ಸುಮ್ಮನೆ ಹಣ ಕಳೆದುಕೊಳ್ಳುತ್ತಾರೆ. ಇಲ್ಲಿ ಬಹಳಷ್ಟು ಯುನಿವರ್ಸಿಟಿಗಳಲ್ಲಿ ವಾರ್ಷಿಕ ಏರಿಕೆ ಹಕ್ಕಲ್ಲ. ವರ್ಷಕ್ಕೊಮ್ಮೆ ನಿಮ್ಮ ಕೆಲಸಕ್ಕೆ ಅಂಕ ಬೀಳುತ್ತದೆ, ಆ ಅಂಕದ ಮೇಲೆ ಏರಿಕೆ ನಿಂತಿದೆ. ನೀವು ಕಾಗದದ ಮೇಲೆ ಬರೆದು ಕೊಟ್ಟ ಕೆಲಸಕ್ಕಷ್ಟೇ ಅಂಕ. ಬರೆಯದೆ ಬಿಟ್ಟ ಕೆಲಸ ಎಷ್ಟೇ ದೊಡ್ಡದಿದ್ದರೂ ಲೆಕ್ಕಕ್ಕಿಲ್ಲ.

ಹಣ ಎಲ್ಲಿಂದ ಬರುತ್ತದೆ

ಪ್ರತಿ ವರ್ಷ ಯುನಿವರ್ಸಿಟಿ ಒಂದು ಮೆರಿಟ್ ಪೂಲ್ ಘೋಷಿಸುತ್ತದೆ, ಅಂದರೆ ಒಟ್ಟು ಪಗಾರದ ಇಂತಿಷ್ಟು ಶೇಕಡಾ ಏರಿಕೆಗೆ ಮೀಸಲು. ರಾಜ್ಯದ ಬಜೆಟ್ ಕೆಟ್ಟರೆ, ವಿದ್ಯಾರ್ಥಿಗಳ ಸಂಖ್ಯೆ ಇಳಿದರೆ ಪೂಲ್ ಸೊನ್ನೆಯೂ ಆಗಬಹುದು.

ಒಂದು ವಿಭಾಗದಲ್ಲಿ 10 ಜನ, ಎಲ್ಲರ ಮೂಲ ಪಗಾರ ಸೇರಿ 10,00,000 ಡಾಲರ್ ಎಂದುಕೊಳ್ಳಿ. ಪೂಲ್ ಶೇ. 3 ಅಂದರೆ 30,000. ಇದರಲ್ಲಿ 5,000 ಡೀನ್ ತಮ್ಮ ಬಳಿ ಇಟ್ಟುಕೊಳ್ಳುತ್ತಾರೆ. ಬಿಟ್ಟು ಹೋಗುವವರನ್ನು ಉಳಿಸಿಕೊಳ್ಳಲು, ಪಗಾರದ ತಾರತಮ್ಯ ಸರಿಪಡಿಸಲು ಇದು ಬೇಕಾಗುತ್ತದೆ. ಎಲ್ಲರಿಗೂ ಸಮನಾಗಿ ಶೇ. 1 ಎಂದು ಇನ್ನು 10,000 ಹೋಯಿತು. ಅಂಕದ ಮೇಲೆ ಹಂಚಲು ಉಳಿದದ್ದು 15,000. ಅಂಕ 5ಕ್ಕೆ ಇದ್ದು ಹತ್ತೂ ಜನರದ್ದು ಸೇರಿ 30 ಆದರೆ ಒಂದು ಅಂಕಕ್ಕೆ 500 ಡಾಲರ್. 5 ಪಡೆದವರಿಗೆ 2,500, 3 ಪಡೆದವರಿಗೆ 1,500.

ಈಗ ಆ ವರ್ಷ ವಿಭಾಗದ ಎಲ್ಲರೂ ಚೆನ್ನಾಗಿ ದುಡಿದು ಒಟ್ಟು ಅಂಕ 40ಕ್ಕೆ ಏರಿತು ಎನ್ನಿ. ಒಂದು ಅಂಕದ ಬೆಲೆ 375ಕ್ಕೆ ಇಳಿಯುತ್ತದೆ. 4 ಅಂಕದವರಿಗೆ 2,000 ಬರಬೇಕಿದ್ದದ್ದು 1,500 ಆಗುತ್ತದೆ. ನಮ್ಮ ಕಡೆಯವರಿಗೆ ಇದು ಕಬ್ಬಿನ ಲೆಕ್ಕದಿಂದ ಬೇಗ ತಿಳಿಯುತ್ತದೆ. 2025-26ರ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡಿದ ದರ, ಶೇ. 10.25 ಸಕ್ಕರೆ ಇಳುವರಿಗೆ (ರಿಕವರಿಗೆ) ಕ್ವಿಂಟಲ್‌ಗೆ 355 ರೂಪಾಯಿ, ಅದರ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ಫ್ಯಾಕ್ಟರಿಯ ಸರಾಸರಿ ರಿಕವರಿ ಏರಿದರೆ ಆ ಫ್ಯಾಕ್ಟರಿಗೆ ಕಬ್ಬು ಕಳಿಸಿದ ಎಲ್ಲರಿಗೂ ದರ ಏರುತ್ತದೆ. ಪಕ್ಕದ ಹೊಲದವರ ಒಳ್ಳೆ ಕಬ್ಬು ನಿಮಗೂ ಲಾಭ. ಮೆರಿಟ್ ಪೂಲ್‌ನಲ್ಲಿ ಹಾಗಿಲ್ಲ. ಇಳುವರಿ ಎಷ್ಟೇ ಬರಲಿ, ಚೀಲದಲ್ಲಿರುವ ಹಣ ಅಷ್ಟೇ. ಒಂದೇ ವಿಭಾಗದವರ ನಡುವೆ ಮನಸ್ತಾಪ ಹುಟ್ಟುವುದು ಇಲ್ಲಿಂದಲೇ, ಮತ್ತು ಈ ಪದ್ಧತಿಯ ದೊಡ್ಡ ದೋಷವೂ ಇದೇ.

ಹಂಚುವ ರೀತಿಯನ್ನೂ ಕೇಳಿ ತಿಳಿದುಕೊಳ್ಳಿ. ಮೇಲಿನ ಲೆಕ್ಕ ಡಾಲರ್ ಲೆಕ್ಕ. ಕೆಲವು ಕಡೆ 4 ಅಂಕಕ್ಕೆ ಶೇ. 2 ಎಂದು ಶೇಕಡಾ ಲೆಕ್ಕ ಹಿಡಿಯುತ್ತಾರೆ. ಆಗ 80,000 ಪಗಾರದವರಿಗೆ 1,600 ಬಂದರೆ ಅದೇ ಅಂಕಕ್ಕೆ 1,40,000 ಪಗಾರದವರಿಗೆ 2,800. ಹೊಸಬರಿಗೆ ಡಾಲರ್ ಲೆಕ್ಕ ಒಳ್ಳೆಯದು. ವಿಭಾಗದ ನಿಯಮಗಳಿಗೆ ಬೈಲಾಸ್ ಎನ್ನುತ್ತಾರೆ, ಅದರಲ್ಲಿ ಇದು ಬರೆದಿರುತ್ತದೆ. ಸೇರಿದ ವಾರವೇ ಒಂದು ಪ್ರತಿ ತರಿಸಿಕೊಳ್ಳಿ.

ಎಲ್ಲ ಕಡೆ ಇದೇ ಪದ್ಧತಿ ಇಲ್ಲ. ಕ್ಯಾಲಿಫೋರ್ನಿಯಾ ಯುನಿವರ್ಸಿಟಿಯ ಕ್ಯಾಂಪಸ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಪಗಾರ ಪಟ್ಟಿ ಇದೆ. ಅಸಿಸ್ಟಂಟ್ ಪ್ರೊಫೆಸರ್‌ಗಳ ಮೆರಿಟ್ ಪರಿಶೀಲನೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಪೂರ್ಣ ಪ್ರೊಫೆಸರ್‌ಗಳದ್ದು ಮೂರು ವರ್ಷಕ್ಕೊಮ್ಮೆ. ನ್ಯೂಯಾರ್ಕ್ ನಗರದ ಕ್ಯೂನಿ (ಸಿಟಿ ಯುನಿವರ್ಸಿಟಿ), ನ್ಯೂಜೆರ್ಸಿಯ ರಟ್ಗರ್ಸ್‌ನಂಥ ಕಡೆ ಪ್ರಾಧ್ಯಾಪಕರ ಯೂನಿಯನ್ ಇದೆ, ಅಲ್ಲಿ ಒಪ್ಪಂದದ ಕಾಗದವೇ ಮೊದಲು ಓದಬೇಕಾದದ್ದು.

ಅಂಕ ಬೀಳುವುದು ಹೇಗೆ

ಸಂಶೋಧನೆಗೆ ಒತ್ತು ಕೊಡುವ ಯುನಿವರ್ಸಿಟಿಗಳಲ್ಲಿ ಹೆಚ್ಚಾಗಿ ಕಾಣುವ ತೂಕ 40-40-20: ಸಂಶೋಧನೆ 40, ಪಾಠ 40, ಸರ್ವಿಸ್ 20. ಸರ್ವಿಸ್ ಅಂದರೆ ಸಮಿತಿ ಕೆಲಸ, ಜರ್ನಲ್‌ಗಳಿಗೆ ಪೇಪರ್ ಪರಿಶೀಲನೆ, ವೃತ್ತಿ ಸಂಘಗಳ ಕೆಲಸ. ಪಾಠ 4, ಸಂಶೋಧನೆ 3, ಸರ್ವಿಸ್ 5 ಬಂದವರ ಒಟ್ಟು 1.6 + 1.2 + 1.0 = 3.8. ಟೆನ್ಯೂರ್ (ಕಾಯಂ ನೇಮಕ) ದಾರಿಯಲ್ಲಿಲ್ಲದ ಲೆಕ್ಚರರ್‌ಗಳಿಗೆ ತೂಕ 80 ಪಾಠ, 20 ಸರ್ವಿಸ್ ಎಂದಿದ್ದರೆ ಅದೇ ಅಂಕಗಳಿಗೆ 4.2 ಆಗುತ್ತದೆ.

ಹಾಗಾಗಿ ತೂಕವನ್ನು ಬರಹದಲ್ಲಿ ಪಡೆಯಿರಿ. ಬಹಳ ಜನ ಎಡವುವುದು ಇಲ್ಲಿ: ಗ್ರಾಂಟ್ (ಸಂಶೋಧನಾ ಅನುದಾನ) ಹಣದಿಂದ ಒಂದು ಕೋರ್ಸ್ ಬಿಡಿಸಿಕೊಂಡು ಸಂಶೋಧನೆಗೆ ಸಮಯ ಮಾಡಿಕೊಳ್ಳುತ್ತಾರೆ, ತೂಕ ಬದಲಾಯಿಸಿದ ಪತ್ರ ಮಾತ್ರ ಇರುವುದಿಲ್ಲ. ವರ್ಷದ ಕೊನೆಗೆ ಸಮಿತಿ ಹಳೆಯ ತೂಕವನ್ನೇ ಹಿಡಿದು, ಪಾಠ ಕಡಿಮೆ ಎಂದು ಅಂಕ ಕತ್ತರಿಸುತ್ತದೆ. ಕೋರ್ಸ್ ಬಿಡಿಸಿಕೊಂಡ ದಿನವೇ ಚೇರ್‌ಗೆ, ಅಂದರೆ ವಿಭಾಗದ ಮುಖ್ಯಸ್ಥರಿಗೆ, ಒಂದು ಇಮೇಲ್ ಹಾಕಿ, "ಈ ವರ್ಷ ನನ್ನ ತೂಕ 50-30-20 ಎಂದು ಒಪ್ಪಿಕೊಂಡಿದ್ದೇವೆ" ಎಂದು ಬರೆದು ಉತ್ತರ ತರಿಸಿಕೊಳ್ಳಿ. ಹೆರಿಗೆ ರಜೆ, ಕಾಯಿಲೆ ರಜೆಯ ವರ್ಷಕ್ಕೂ ಇದೇ ಮಾತು. ಆ ವರ್ಷವನ್ನು ಹೇಗೆ ಅಳೆಯುತ್ತಾರೆಂದು ರಜೆಗೆ ಮುಂಚೆ ಬರಹದಲ್ಲಿ ಕೇಳಿ.

ಸಾಮಾನ್ಯವಾಗಿ ಅಳೆಯುವುದು ಜನವರಿಯಿಂದ ಡಿಸೆಂಬರ್. ಜನವರಿ ಅಥವಾ ಫೆಬ್ರವರಿಯಲ್ಲಿ ನಿಮ್ಮ ವಾರ್ಷಿಕ ವರದಿ ಇಂಟರ್‌ಫೋಲಿಯೊ, ವಾಟರ್‌ಮಾರ್ಕ್‌ನಂಥ ಸಾಫ್ಟ್‌ವೇರಿಗೆ ಏರಿಸಬೇಕು. ಅದನ್ನು ವಿಭಾಗದ ಸಮಿತಿ ಅಥವಾ ಚೇರ್ ನೋಡಿ ಅಂಕ ಹಾಕುತ್ತಾರೆ, ಡೀನ್ ಒಪ್ಪುತ್ತಾರೆ, ಯುನಿವರ್ಸಿಟಿಯ ಶೈಕ್ಷಣಿಕ ಮುಖ್ಯಸ್ಥರಾದ ಪ್ರೊವೊಸ್ಟ್ ಕಚೇರಿಯಿಂದ ಹಣದ ಪತ್ರ ಬರುತ್ತದೆ. ಹೊಸ ಪಗಾರ ಜುಲೈ 1ಕ್ಕೋ, ಶಾಲಾ ವರ್ಷದ ಆರಂಭಕ್ಕೋ ಜಾರಿ.

ವರದಿ ಬರೆಯುವ ಕಲೆ

ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂದು ಕಲಿತು ಬೆಳೆದ ನಮ್ಮವರಿಗೆ ಅತಿ ಕಷ್ಟದ ಭಾಗ ಇದು. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ, ಹೊಲದ ಪಹಣಿಯಂತೆ ದಾಖಲೆ ಎಂದುಕೊಳ್ಳಿ. "ಥರ್ಮೊಡೈನಮಿಕ್ಸ್ ಪಾಠ ಚೆನ್ನಾಗಿ ನಡೆಯಿತು" ಎಂಬ ಸಾಲಿಗೆ ಯಾರೂ ಅಂಕ ಹಾಕಲಾರರು. ಅದೇ ಹೀಗಿರಲಿ: "ಥರ್ಮೊಡೈನಮಿಕ್ಸ್, 42 ವಿದ್ಯಾರ್ಥಿಗಳು. ಲೆಕ್ಕ ಬಿಡಿಸುವ ವೇಗ ಹೆಚ್ಚು ಎಂದು ಹೋದ ವರ್ಷ ದೂರಿತ್ತು. ಈ ವರ್ಷ ವಾರಕ್ಕೆ ಒಂದು ತಾಸು ಲೆಕ್ಕಕ್ಕೆಂದೇ ಇಟ್ಟೆ. ಅಭಿಪ್ರಾಯ ಕೊಟ್ಟವರು 31, ಸರಾಸರಿ 5ಕ್ಕೆ 4.3, ಹೋದ ವರ್ಷ 3.8." ನಾಲ್ಕು ಸಾಲಿನಲ್ಲಿ ಸಮಸ್ಯೆ, ಕ್ರಮ, ಫಲ ಮೂರೂ ಬಂದವು. ಸಮಿತಿಯವರು ಇಂಥ ಹತ್ತಾರು ವರದಿ ಓದುತ್ತಾರೆ, ಅವರ ಕೈಗೆ ಅಂಕಿ ಸಿಗಬೇಕು.

ಪೇಪರಿನಲ್ಲಿ ನಿಮ್ಮ ಪಾಲು ಏನು ಎಂದು ಒಂದು ಸಾಲು ಬರೆಯಿರಿ. ಕೆಲವು ಕ್ಷೇತ್ರಗಳಲ್ಲಿ ಮೊದಲ ಹೆಸರು ದೊಡ್ಡದು, ಕೆಲವು ಕಡೆ ಕೊನೆಯದು, ಗಣಿತದಲ್ಲಿ ಅಕ್ಷರ ಕ್ರಮ; ಸಮಿತಿಯಲ್ಲಿ ಬೇರೆ ಕ್ಷೇತ್ರದವರಿದ್ದರೆ ಇದು ತಿಳಿಯುವುದಿಲ್ಲ. ಒಂದೇ ಪೇಪರನ್ನು ಒಪ್ಪಿಗೆಯಾದ ವರ್ಷವೂ ಅಚ್ಚಾದ ವರ್ಷವೂ ಹಾಕಬೇಡಿ. ಸಮಿತಿ ಹಿಂದಿನ ವರ್ಷದ ವರದಿ ತೆಗೆದು ನೋಡುತ್ತದೆ, ಎರಡು ಸಲ ಎಣಿಸಿದ್ದು ಸಿಕ್ಕರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ಗ್ರಾಂಟ್ ಬರೆಯುವಾಗ ಒಟ್ಟು ಮೊತ್ತ ಬೇರೆ, ನಿಮ್ಮ ಪಾಲಿನ ಮೊತ್ತ ಬೇರೆ ತೋರಿಸಿ. ಮಂಜೂರಾಗದ ಅರ್ಜಿಯನ್ನೂ ಹಾಕಿ. ಅರ್ಜಿ ಬರೆಯುವ ಶ್ರಮಕ್ಕೆ ಕೆಲವು ವಿಭಾಗಗಳು ಅಂಕ ಕೊಡುತ್ತವೆ.

ದೊಡ್ಡ ಕೆಲಸ ಮುಗಿದ ವರ್ಷವೇ ಪೂಲ್ ಸೊನ್ನೆಯಾದರೆ? ಐದು ವರ್ಷದ ಪುಸ್ತಕದ ಶ್ರಮ ಹಣದ ಲೆಕ್ಕದಲ್ಲಿ ನೀರಿನಲ್ಲಿ ಹೋಮ. ಇದಕ್ಕಾಗಿಯೇ ಹಲವು ವಿಭಾಗಗಳು ಮೂರು ವರ್ಷದ ಸರಾಸರಿ ಹಿಡಿಯುತ್ತವೆ. ನಿಮ್ಮಲ್ಲಿ ಆ ಪದ್ಧತಿ ಇಲ್ಲದಿದ್ದರೆ ವಿಭಾಗದ ಸಭೆಯಲ್ಲಿ ಎತ್ತಬಹುದಾದ ನ್ಯಾಯವಾದ ಮಾತು ಇದು.

ವಿದ್ಯಾರ್ಥಿಗಳ ಅಭಿಪ್ರಾಯ

40 ಜನರ ತರಗತಿಯಲ್ಲಿ ಅಭಿಪ್ರಾಯ ಕೊಟ್ಟವರು 9 ಎನ್ನಿ. ಏಳು ಜನ 5 ಕೊಟ್ಟರು, ಇಬ್ಬರು ಸಿಟ್ಟಿನಿಂದ 1 ಕೊಟ್ಟರು. ಸರಾಸರಿ 4.1ಕ್ಕೆ ಇಳಿಯಿತು, ಮಧ್ಯದ ಅಂಕ ಮಾತ್ರ 5. ವರದಿಯಲ್ಲಿ ಎರಡನ್ನೂ, ಉತ್ತರಿಸಿದವರ ಸಂಖ್ಯೆಯ ಜೊತೆಗೇ ಹಾಕಿ. ಇದಕ್ಕಿಂತ ಒಳ್ಳೆಯದು ಹೆಚ್ಚು ಜನ ಉತ್ತರಿಸುವಂತೆ ಮಾಡುವುದು: ಕೊನೆಯ ವಾರದ ಒಂದು ತರಗತಿಯ ಆರಂಭದಲ್ಲಿ ಹದಿನೈದು ನಿಮಿಷ ಕೊಟ್ಟು, ನೀವು ಹೊರಗೆ ಹೋಗಿ.

ನಮ್ಮ ಉಚ್ಚಾರಣೆಯ ಬಗ್ಗೆ ಮೊದಲ ವರ್ಷ ಟೀಕೆ ಬರುವುದು ಸಾಮಾನ್ಯ, ಎದೆಗುಂದಬೇಡಿ. ಹೊಸ ಪದಗಳನ್ನು ಬೋರ್ಡಿನ ಮೇಲೆ ಬರೆದೇ ಹೇಳಿ. ನಾಲ್ಕನೇ ವಾರ ಹೆಸರಿಲ್ಲದ ಚೀಟಿಯಲ್ಲಿ ಎರಡು ಪ್ರಶ್ನೆ ಕೇಳಿ: ಯಾವುದು ತಿಳಿಯುತ್ತಿಲ್ಲ, ಯಾವುದು ಬದಲಾಗಬೇಕು. ಹಿರಿಯ ಸಹೋದ್ಯೋಗಿಯೊಬ್ಬರನ್ನು ತರಗತಿಗೆ ಕರೆದು ನೋಡಿಸಿ, ಅವರ ಪತ್ರವನ್ನು ವರದಿಗೆ ಲಗತ್ತಿಸಿ. ವಿದ್ಯಾರ್ಥಿಗಳ ಅಂಕವೊಂದರಿಂದಲೇ ಪಾಠ ಅಳೆಯುವುದು ತಪ್ಪೆಂಬ ಮಾತಿಗೆ ಈಗ ಬಲ ಬಂದಿದೆ. ಕೆನಡಾದಲ್ಲಿ ಟೊರಾಂಟೊದ ಆಗಿನ ರೈಯರ್ಸನ್ ಯುನಿವರ್ಸಿಟಿ ಪ್ರಕರಣದಲ್ಲಿ, ಬಡ್ತಿ ಮತ್ತು ಟೆನ್ಯೂರ್ ತೀರ್ಮಾನಕ್ಕೆ ಪಾಠದ ಗುಣಮಟ್ಟ ಅಳೆಯಲು ಈ ಅಂಕಗಳನ್ನು ಬಳಸಬಾರದೆಂದು 2018ರಲ್ಲಿ ಮಧ್ಯಸ್ಥಗಾರರು ತೀರ್ಪು ಕೊಟ್ಟರು.

ಸರ್ವಿಸ್ ಬಗ್ಗೆ ಒಂದೇ ಎಚ್ಚರಿಕೆ. ಹೊಸಬರನ್ನು, ಅದರಲ್ಲೂ ಹೊರದೇಶದವರನ್ನು ಎಲ್ಲ ಸಮಿತಿಗೂ ಕರೆಯುತ್ತಾರೆ. ನಮ್ಮವರಿಗೆ ಇಲ್ಲ ಎನ್ನಲು ಸಂಕೋಚ. ಅದರ ತೂಕ 20 ಮಾತ್ರ. "ಚೇರ್ ಜೊತೆ ಮಾತಾಡಿ ಹೇಳುತ್ತೇನೆ" ಎಂದರೆ ಸಾಕು, ಯಾರಿಗೂ ಬೇಸರವಾಗುವುದಿಲ್ಲ.

ಅಂಕಕ್ಕಿಂತ ದೊಡ್ಡದು ಮೂಲ ಪಗಾರ

ಮೇಲಿನ ಲೆಕ್ಕದಲ್ಲಿ 5 ಅಂಕಕ್ಕೂ 3 ಅಂಕಕ್ಕೂ ವರ್ಷಕ್ಕೆ ವ್ಯತ್ಯಾಸ 1,000 ಡಾಲರ್ ಮಾತ್ರ. ಸೇರುವಾಗ 5,000 ಹೆಚ್ಚು ಕೇಳಿ ಪಡೆದಿದ್ದರೆ, ವರ್ಷಕ್ಕೆ ಶೇ. 3 ಏರಿಕೆಯ ಲೆಕ್ಕದಲ್ಲಿ 20 ವರ್ಷಕ್ಕೆ ಅದು ಸುಮಾರು 1,34,000 ಡಾಲರ್. ಆಫರ್ ಲೆಟರ್ ಕೈಗೆ ಬಂದಾಗ "ನೀವು ಕೊಟ್ಟಷ್ಟು ಸಾಕು" ಎನ್ನುವುದು ನಮ್ಮ ಸೌಜನ್ಯ, ಆದರೆ ಅದರ ಬೆಲೆ ಇಷ್ಟು. ಬಹಳಷ್ಟು ರಾಜ್ಯಗಳಲ್ಲಿ ಸರ್ಕಾರಿ ಯುನಿವರ್ಸಿಟಿಗಳ ಪಗಾರ ಸಾರ್ವಜನಿಕ ದಾಖಲೆ. ಅದೇ ವಿಭಾಗದಲ್ಲಿ ಅದೇ ಹುದ್ದೆಯವರ ಮೊತ್ತ ನೋಡಿಕೊಂಡೇ ಮಾತಿಗೆ ಕೂರಿ.

ಪಗಾರ ಹೆಚ್ಚಾಗಿ ಒಂಬತ್ತು ತಿಂಗಳದ್ದು. ಬೇಸಿಗೆ ತಿಂಗಳಿಗೆ ಗ್ರಾಂಟಿನಿಂದ ಪಡೆಯುವುದು ಮೂಲದ ಒಂಬತ್ತನೇ ಒಂದು ಭಾಗ. 90,000 ಇದ್ದರೆ ತಿಂಗಳಿಗೆ 10,000. ಸಂಶೋಧನೆಗೆ ಗ್ರಾಂಟ್ ಕೊಡುವ ಫೆಡರಲ್ ಸಂಸ್ಥೆ ಎನ್‌ಎಸ್‌ಎಫ್ ಸಾಮಾನ್ಯವಾಗಿ ವರ್ಷಕ್ಕೆ ಎರಡು ತಿಂಗಳಿಗಿಂತ ಹೆಚ್ಚು ಪಗಾರ ಕೊಡುವುದಿಲ್ಲ. ಮೂಲ ಏರಿದರೆ ಬೇಸಿಗೆ ಪಗಾರವೂ, ನಿವೃತ್ತಿ ನಿಧಿಗೆ ಯುನಿವರ್ಸಿಟಿ ಹಾಕುವ ಪಾಲೂ ಏರುತ್ತವೆ. ಆದ್ದರಿಂದ ಏರಿಕೆ ಮೂಲಕ್ಕೆ ಸೇರುತ್ತದೋ, ಒಂದು ಸಲದ ಬೋನಸ್ಸೋ ಎಂದು ಪತ್ರದಲ್ಲಿ ನೋಡಿ.

ಕೆಲವು ವರ್ಷ ಕಳೆದ ಮೇಲೆ ನಿಮಗಿಂತ ಹೊಸಬರು ಹೆಚ್ಚು ಪಗಾರಕ್ಕೆ ಸೇರುವುದನ್ನು ಕಾಣುತ್ತೀರಿ. ಮಾರುಕಟ್ಟೆ ದರ ಮೆರಿಟ್ ಏರಿಕೆಗಿಂತ ಬೇಗ ಓಡುವುದರಿಂದ ಹೀಗಾಗುತ್ತದೆ. ಇದಕ್ಕೆ ಇಕ್ವಿಟಿ ಅಡ್ಜಸ್ಟ್‌ಮೆಂಟ್ ಎಂಬ ಬೇರೆ ಅರ್ಜಿ ಇದೆ. ಅದರಲ್ಲಿ ಮನೆ ಸಾಲ, ಮಕ್ಕಳ ಖರ್ಚು ಬರೆಯಬೇಡಿ, ಅದಕ್ಕೆ ಇಲ್ಲಿ ಬೆಲೆಯಿಲ್ಲ. ಮೂರು ವರ್ಷದ ಅಂಕ, ಸಮಾನ ಹುದ್ದೆಯವರ ಪಗಾರ, ವ್ಯತ್ಯಾಸದ ಮೊತ್ತ, ಇಷ್ಟನ್ನು ಒಂದು ಪುಟದಲ್ಲಿ ಕೊಡಿ. ಬೇರೆ ಯುನಿವರ್ಸಿಟಿಯ ಆಫರ್ ತೋರಿಸಿದರೆ ಏರಿಕೆ ಬೇಗ ಸಿಗುವುದು ನಿಜ. ಆದರೆ ಹೋಗಲು ನಿಜವಾಗಿ ತಯಾರಿದ್ದರೆ ಮಾತ್ರ ತೋರಿಸಿ, "ಹೋಗಿ ಬನ್ನಿ" ಎಂದವರೂ ಇದ್ದಾರೆ.

ಪತ್ರ ಬಂದ ಮೇಲೆ

"ಮೀಟ್ಸ್ ಎಕ್ಸ್‌ಪೆಕ್ಟೇಶನ್ಸ್" ಎಂದಿದ್ದರೆ ಅವಮಾನವಲ್ಲ, ಕೆಲಸ ಸರಿಯಾಗಿದೆ ಎಂದರ್ಥ. ಆದರೆ ವರ್ಷ ವರ್ಷ ಒಳ್ಳೆಯ ಪತ್ರ ಬಂತೆಂದು ಟೆನ್ಯೂರ್ ಖಾತ್ರಿ ಎಂದುಕೊಳ್ಳಬೇಡಿ. ಅದಕ್ಕೆ ಹೊರಗಿನ ವಿದ್ವಾಂಸರ ಪತ್ರಗಳು ಬೇಕು, ಅಳತೆಯೂ ಬೇರೆ. ಪತ್ರದ ಮೇಲೆ ಸಹಿ ಕೇಳಿದರೆ ಸಾಮಾನ್ಯವಾಗಿ ಅದು ತಲುಪಿದ್ದಕ್ಕೆ ಮಾತ್ರ, ಒಪ್ಪಿಗೆಗಲ್ಲ. ಆದರೂ ಸಹಿಯ ಮೇಲಿನ ಸಾಲು ಓದಿಯೇ ಹಾಕಿ. ತಪ್ಪಿದ್ದರೆ ಕೈಪಿಡಿಯಲ್ಲಿ ಹೇಳಿದ ದಿನದೊಳಗೆ ಬರಹದಲ್ಲಿ ಉತ್ತರಿಸಿ: ಯಾವ ಪೇಪರ್ ಬಿಟ್ಟುಹೋಗಿದೆ, ಯಾವ ಪುಟದಲ್ಲಿದೆ, ಅಷ್ಟೇ. ಆ ಉತ್ತರ ಫೈಲಿನಲ್ಲಿ ಉಳಿಯುತ್ತದೆ. ಜನಾಂಗ, ಲಿಂಗ, ಮೂಲ ದೇಶದ ಕಾರಣಕ್ಕೆ ಪಗಾರ ಕಡಿಮೆ ಮಾಡಿದ್ದಾರೆ ಎನ್ನಿಸಿದರೆ ಕೆಲಸದಲ್ಲಿನ ತಾರತಮ್ಯ ವಿಚಾರಿಸುವ ಫೆಡರಲ್ ಸಂಸ್ಥೆ ಇಇಒಸಿಗೆ ದೂರು ಕೊಡಲು 180 ದಿನದ ಗಡುವು, ರಾಜ್ಯದ್ದೂ ಅಂಥದ್ದೇ ಸಂಸ್ಥೆ ಇದ್ದ ಕಡೆ 300 ದಿನ. ಯುನಿವರ್ಸಿಟಿಯ ಒಳಗಿನ ವಿಚಾರಣೆ ನಡೆಯುತ್ತಿದೆ ಎಂದು ಈ ಗಡುವು ನಿಲ್ಲುವುದಿಲ್ಲ.

ಎಚ್-1ಬಿ ವೀಸಾ ಮೇಲಿರುವವರು ಮೆರಿಟ್ ಏರಿಕೆ ಬಂದದ್ದಕ್ಕೆ ಹೊಸ ಅರ್ಜಿ ಹಾಕಬೇಕಿಲ್ಲ.

ಕೊನೆಗೆ ಹೊಸ ಪಗಾರದ ಮೊದಲ ಚೀಟಿಯನ್ನು ಪತ್ರದ ಪಕ್ಕದಲ್ಲಿಟ್ಟು ನೋಡಿ. ಪತ್ರದಲ್ಲಿ 92,500 ಎಂದಿದ್ದು 12 ಕಂತಾದರೆ ತಿಂಗಳಿಗೆ 7,708.33, ಎರಡು ವಾರಕ್ಕೊಮ್ಮೆ 26 ಕಂತಾದರೆ 3,557.69. ಇದು ತೆರಿಗೆಗೆ ಮುಂಚಿನ ಮೊತ್ತ. ಹೊಂದದಿದ್ದರೆ ಅದೇ ವಾರ ಪೇರೋಲ್ ಕಚೇರಿಗೆ ಪತ್ರದ ಪ್ರತಿ ಕಳಿಸಿ, ಬಾಕಿ ಮುಂದಿನ ಕಂತಿನಲ್ಲಿ ಸೇರಿಸುವಂತೆ ಕೇಳಿ.