ಕವಿಯ ಹೆಸರಿಲ್ಲದ ಹಾಳೆ

ನಾನು ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದಲ್ಲಿ ಕವಿತೆ ಪಾಠ ಮಾಡುತ್ತೇನೆ. ಶುರುವಿನ ವರ್ಷಗಳಲ್ಲಿ ನನ್ನನ್ನು ತುಂಬಾ ಕಾಡಿದ್ದು ಎಂ.ಎ. ತರಗತಿಯ ಮೌನ. ಕವಿತೆ ಓದಿ, 'ಏನನ್ನಿಸಿತು?' ಅಂತ ಕೇಳಿದರೆ ಎಲ್ಲರ ತಲೆ ಪುಸ್ತಕದೊಳಗೆ. ಮಾತಾಡಿದ ಒಬ್ಬಿಬ್ಬರೂ ಗೈಡಿನ ಸಾಲನ್ನೇ ಹೇಳುತ್ತಿದ್ದರು. ವರ್ಡ್ಸ್‌ವರ್ತ್ ಅಂದರೆ ಸಾಕು, 'ಪ್ರಕೃತಿ ಕವಿ' ಅಂತ ಉತ್ತರ ಬರುತ್ತಿತ್ತು. ಎದುರಿಗಿದ್ದ ಕವಿತೆಯನ್ನು ಯಾರೂ ನೋಡಿರುತ್ತಿರಲಿಲ್ಲ.

ಆಗ ನೆನಪಾದವರು ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್. ಕೇಂಬ್ರಿಜ್‌ನಲ್ಲಿ ಅವರು ಕವಿಯ ಹೆಸರಿಲ್ಲದೆ ಕವಿತೆಗಳನ್ನು ಹಂಚಿ, ವಿದ್ಯಾರ್ಥಿಗಳಿಗೆ ಅನ್ನಿಸಿದ್ದನ್ನು ಬರೆಸಿಕೊಳ್ಳುತ್ತಿದ್ದರು. ಆ ಬರಹಗಳನ್ನಿಟ್ಟುಕೊಂಡು 1929ರಲ್ಲಿ ಪುಸ್ತಕವನ್ನೇ ತಂದರು. ಚೆನ್ನಾಗಿ ಓದಿಕೊಂಡವರೂ ಸಾಲಿನ ನೇರ ಅರ್ಥದಲ್ಲೇ ಎಡವುತ್ತಾರೆ ಅಂತ ಅದರಲ್ಲಿ ತೋರಿಸಿದ್ದಾರೆ. ಇದನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೆ, ಮಾಡಿ ನೋಡಿರಲಿಲ್ಲ.

ವಾರಕ್ಕೊಂದು ಗಂಟೆ ಇದಕ್ಕೇ ಮೀಸಲಿಟ್ಟೆ. ಹಾಳೆಯಲ್ಲಿ ಕವಿತೆ ಮಾತ್ರ. ಮೊದಲ ಹದಿನೈದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ಸುಮ್ನೆ ಬರೆಯಬೇಕು. ಪ್ರಶ್ನೆ ಒಂದೇ: ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಬರೆದವರ ಹೆಸರು ಹೇಳದೆ ನಾನು ಕೆಲವನ್ನು ಓದುತ್ತಿದ್ದೆ. ಮೊದಮೊದಲು ಗಂಟೆಯ ಕೊನೆಯಲ್ಲಿ ನನ್ನ ಅರ್ಥವನ್ನೂ ಹೇಳಿಬಿಡುತ್ತಿದ್ದೆ. ಅದು ತಪ್ಪಾಯಿತು. ಎಲ್ಲರೂ ಅದಕ್ಕೇ ಪೆನ್ನು ಹಿಡಿದು ಕಾಯತೊಡಗಿದರು. ಅದನ್ನು ನಿಲ್ಲಿಸಿದ ಮೇಲೇ ಮಾತು ಬಂದದ್ದು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅಮೆರಿಕದ ಕವಿ ಎಮಿಲಿ ಡಿಕಿನ್ಸನ್‌ಳನ್ನು ಓದಿದ ವಾರ. ಸಾವು ಗಾಡಿ ನಿಲ್ಲಿಸಿ ಹತ್ತಿಸಿಕೊಂಡು ಹೋಗುವ ಅವಳ ಕವಿತೆ ಇದೆಯಲ್ಲ, ಅದರ ಎರಡು ರೂಪಗಳನ್ನು ಪಕ್ಕಪಕ್ಕ ಕೊಟ್ಟೆ. ಒಂದು 1890ರಲ್ಲಿ, ಅವಳು ತೀರಿಕೊಂಡ ನಾಲ್ಕು ವರ್ಷಕ್ಕೆ, ಸಂಪಾದಕರು ತಿದ್ದಿ ಅಚ್ಚು ಹಾಕಿಸಿದ್ದು. ಇನ್ನೊಂದು ಅವಳು ಬರೆದ ಹಾಗೇ ಇರುವುದು. ಯಾವುದು ಯಾವುದು ಅಂತ ಹೇಳಲಿಲ್ಲ.

ಒಂದರಲ್ಲಿ ಮಕ್ಕಳು ಶಾಲೆಯ ಹತ್ತಿರ 'ಪ್ಲೇಡ್', ಇನ್ನೊಂದರಲ್ಲಿ 'ಸ್ಟ್ರೋವ್'. 'ಇಲ್ಲಿ ಆಡುತ್ತಾರೆ, ಅಲ್ಲಿ ಹೆಣಗುತ್ತಾರೆ. ಸಾಯುವವಳ ಕಣ್ಣಿಗೆ ಆಟವೂ ಹೆಣಗಾಟದ ಹಾಗೆ ಕಾಣಬಹುದು, ಅಲ್ವಾ ಮೇಡಂ?' ಅಂದ ಒಬ್ಬ ಹುಡುಗ. ಅಷ್ಟರಲ್ಲಿ ಒಬ್ಬಳು ಚರಣಗಳನ್ನು ಎಣಿಸಿದ್ದಳು. ಒಂದರಲ್ಲಿ ಐದು, ಇನ್ನೊಂದರಲ್ಲಿ ಆರು. ನಾವು ಸೂರ್ಯನನ್ನು ದಾಟಿದೆವು, ಅಲ್ಲ, ಅವನೇ ನಮ್ಮನ್ನು ದಾಟಿ ಹೋದ ಅಂತ ಕವಿತೆಯಲ್ಲಿ ಮಾತಾಡುವವಳು ತನ್ನ ಮಾತನ್ನು ತಾನೇ ತಿದ್ದಿಕೊಂಡು, ಅವಳಿಗೆ ತೆಳ್ಳನೆಯ ಬಟ್ಟೆಯಲ್ಲಿ ಚಳಿ ಹತ್ತುವ ಚರಣ ಐದು ಚರಣಗಳಿದ್ದ ರೂಪದಲ್ಲಿ ಇರಲಿಲ್ಲ. 'ಇದನ್ನು ತೆಗೆದರೆ ಸಾವು ಬರೀ ಸವಾರಿ ಆಗಿಬಿಡುತ್ತದೆ. ಮೈಗೆ ತಾಗುವುದೇ ಇಲ್ಲ' ಅಂದಳು. ಆ ಹುಡುಗಿ ಅದುವರೆಗೆ ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನೇ ನಾನು ನೋಡಿರಲಿಲ್ಲ. ಅವಳ ಮಾತನ್ನು ಕರಿಹಲಗೆ ಮೇಲೆ ಬರೆದೆ. ಆ ಚರಣವನ್ನು ಬಿಟ್ಟದ್ದು ಸಂಪಾದಕರು ಅಂತ ಆಮೇಲೆ ಹೇಳಿದೆ.

ಪರೀಕ್ಷೆಯ ಚಿಂತೆ ಎಲ್ಲರಿಗೂ ಇತ್ತು. ಕವಿ, ಕಾಲ, ಹಿನ್ನೆಲೆ ಗೊತ್ತಿಲ್ಲದೆ ಉತ್ತರ ಬರೆಯಲು ಆಗುವುದಿಲ್ಲ, ನಿಜ. ಹಾಗಾಗಿ ಕೊನೆಯ ಹತ್ತು ನಿಮಿಷ ಅದಕ್ಕೆ ಕೊಡುತ್ತೇನೆ. ತರಗತಿಯಲ್ಲಿ ನಲವತ್ತು ಜನ ಇದ್ದಾಗ ಈ ಕ್ರಮ ನಡೆಯುವುದಿಲ್ಲ. ಹನ್ನೆರಡು ಹದಿನೈದು ಜನರ ಗುಂಪು ಮಾಡಿಕೊಳ್ಳಲೇಬೇಕು. ಅಂದರೆ ಒಂದೇ ಕವಿತೆಗೆ ಮೂರು ಸಲ ಕೂರಬೇಕು. ನಾನು ಕೂರುತ್ತೇನೆ.

ಚರಣ ಎಣಿಸಿದ ಹುಡುಗಿ ಮರುವಾರ ಲೈಬ್ರರಿಯಿಂದ ಇನ್ನೊಂದು ಕವಿತೆಯ ಎರಡು ಆವೃತ್ತಿ ಹುಡುಕಿ ತಂದಿದ್ದಳು. 'ಮೇಡಂ, ಇದರಲ್ಲೂ ಏನೋ ಬದಲಾಗಿದೆ' ಅಂದಳು. ಆ ವಾರದ ಹಾಳೆ ಅವಳದೇ ಆಯಿತು.